ನಲವತ್ತು ಟಿ-ಶರ್ಟು, ಒಂದೇ ಮುಖ

ಮಾರ್ಚ್ 3, ಸೋಮವಾರ

ಬೆಳಗ್ಗೆ ಬೆಳಗ್ಗೆಯೇ ಒಂದು ಟಿ-ಶರ್ಟು ಹಾಳು ಮಾಡಿದೆ. ತಪ್ಪು ನನ್ನ ಹೆಬ್ಬೆರಳಿನದು. ಹನ್ನೊಂದು ವರ್ಷ ಗಾರ್ಮೆಂಟ್ಸಿನ ಇಸ್ತ್ರಿ ವಿಭಾಗದಲ್ಲಿ ಹಬೆ ಬಿಟ್ಟು ಬಿಟ್ಟು ಅದಕ್ಕೆ ಅದೇ ಚಾಳಿ. ಈಗ ಮನೆಯಲ್ಲಿ ಟಿ-ಶರ್ಟಿಗೆ ಚಿತ್ರ ಇಳಿಸುವ ಈ ಟ್ರಾನ್ಸ್‌ಫರ್ ಪೇಪರಿಗೆ ಹಬೆ ಆಗಿಬರುವುದಿಲ್ಲ, ಒಣ ಬಿಸಿಯೇ ಬೇಕು. ಚಿತ್ರ ಬಟ್ಟೆಗೆ ತಾಗುವಂತೆ ಪೇಪರನ್ನು ಬೋರಲು ಹಾಕಿ, ಮೈಭಾರವನ್ನೆಲ್ಲ ಇಸ್ತ್ರಿಪೆಟ್ಟಿಗೆಯ ಮೇಲೆ ಬಿಟ್ಟು ಒತ್ತಬೇಕು. ಆರಿದ ಮೇಲೆ ಒಂದು ಮೂಲೆ ಹಿಡಿದು ಪೇಪರನ್ನು ಸುಲಿಯಬೇಕು. ಇವತ್ತು ಸುಲಿದಾಗ ಎದುರುಮನೆ ಮಗುವಿನ ಜಿರಾಫೆಗೆ ಕುತ್ತಿಗೆಯೇ ಇರಲಿಲ್ಲ. ಕುತ್ತಿಗೆ ಇಲ್ಲದ ಜಿರಾಫೆಯನ್ನು ನಾಯಿ ಅಂತ ದಾಟಿಸಬಹುದಾ ಅಂತ ಒಂದು ಗಳಿಗೆ ಯೋಚಿಸಿದ್ದೂ ಉಂಟು.

ಮಧ್ಯಾಹ್ನ ಕಾಲರಕ್ಕ ಬಂದಳು. ಫ್ಯಾಕ್ಟರಿಯಲ್ಲಿ ಕಾಲರ್ ಕೂರಿಸುತ್ತಿದ್ದವಳು, ಅದಕ್ಕೇ ಆ ಹೆಸರು. ಬಂದವಳು ಕೂರಲೂ ಇಲ್ಲ. ಇಪ್ಪತ್ತನೇ ತಾರೀಖು ಫ್ಯಾಕ್ಟರಿ ಬೆಂಕಿಯ ವಿಚಾರಣೆಯಂತೆ. ನಲವತ್ತು ಜನ ಹೋಗಿ ಕೂರುತ್ತಾರಂತೆ. ನಲವತ್ತು ಎದೆಯ ಮೇಲೂ ನಮ್ಮ ಕಡ್ಡಿಯ ಮುಖ ಇರಬೇಕಂತೆ.

"ಬರಹ ಏನು ಹಾಕ್ಲಿ?" ಅಂದೆ.

"ಏನೂ ಬೇಡ. ಗೊತ್ತಿರೋರಿಗೆ ಗೊತ್ತಾಗುತ್ತೆ. ಗೊತ್ತಿಲ್ದೋರು ಕೇಳ್ಲಿ."

ಕಡ್ಡಿ ಅಂತ ನಾವೆಲ್ಲ ಕರೆಯುತ್ತಿದ್ದದ್ದು ನನ್ನ ಪಕ್ಕದ ಟೇಬಲಿನವಳನ್ನು. ಇಪ್ಪತ್ನಾಲ್ಕು ವರ್ಷ, ಊದಿದರೆ ಹಾರಿಹೋಗುವ ಮೈ, ಬಾಯಿ ಮಾತ್ರ ನಾಲ್ಕು ಜನರಿಗಾಗುವಷ್ಟು. ಐದು ತಿಂಗಳ ಹಿಂದೆ ನಮ್ಮ ವಿಭಾಗಕ್ಕೆ ಬೆಂಕಿ ಬಿತ್ತು. ನಾವೆಲ್ಲ ಮುಂಬಾಗಿಲಿಂದ ಹೊರಬಿದ್ದೆವು. ಅವಳು ಹಿಂಬಾಗಿಲ ಕಡೆ ಓಡಿದಳು, ಅವಳ ಟೇಬಲಿಗೆ ಅದೇ ಹತ್ತಿರ. ಅಲ್ಲೇ ಹೊಗೆ ಕುಡಿದು ಸತ್ತಳು. ಹಿಂಬಾಗಿಲು ತೆರೆದೇ ಇತ್ತು, ಹುಡುಗಿ ಗಾಬರಿಯಲ್ಲಿ ದಿಕ್ಕು ತಪ್ಪಿ ಕುಸಿದಳು ಅಂತ ಕಂಪನಿ ಬರೆದುಕೊಟ್ಟಿದೆ. ಹಾಗಂತ ಹೇಳಿಕೆಗೆ ಸಹಿ ಹಾಕಿದವರು ಹಿಂದಿನ ಗೇಟಿನ ವಾಚ್‌ಮನ್. ಅಂದರೆ ನಮ್ಮ ಯಜಮಾನರು.

"ಮಾಡಿಕೊಡ್ತೀನಿ," ಅಂದೆ. "ಆದ್ರೆ ಒತ್ತೋದಷ್ಟೇ ನನ್ನ ಕೆಲಸ. ಸಾಕ್ಷಿ ಗೀಕ್ಷಿ ಅಂತ ನನ್ನ ಹೆಸರು ಬರೆಸ್ಬೇಡ."

ಕಾಲರಕ್ಕ ನನ್ನನ್ನೇ ನೋಡಿದಳು. "ನಾನೇನಾದ್ರೂ ಕೇಳಿದ್ನಾ?" ಅಂದು ಹೊರಟಳು. ಅವಳ ಈ ಚುಚ್ಚುಮಾತು ನನಗೆ ಮೊದಲಿಂದಲೂ ಆಗುವುದಿಲ್ಲ.

ಮಾರ್ಚ್ 5, ಬುಧವಾರ

ಇವರಿಗೆ ಹೇಳಲೇಬೇಕಾಯಿತು. ಮೂಟೆಗಟ್ಟಲೆ ಬಿಳಿ ಟಿ-ಶರ್ಟು ಮನೆಗೆ ಬಂದು ಬಿದ್ದರೆ ಎಲ್ಲಿ ಮುಚ್ಚಿಡಲಿ? ಇರುವುದೇ ಒಂದೂವರೆ ಕೋಣೆ.

"ಆಗಲ್ಲ ಅಂದ್ಬಿಡು," ಅಂದರು ತಟ್ಟೆಯಿಂದ ತಲೆಯೆತ್ತದೆ.

"ಯಾಕೆ?"

"ನಾನಿನ್ನೂ ಅಲ್ಲೇ ಕೆಲಸ ಮಾಡ್ತಿದ್ದೀನಿ. ಅದಕ್ಕೆ."

"ಮುಖ ಒತ್ತಿದ್ರೆ ನಿಮ್ಮ ಕೆಲಸ ಹೋಗುತ್ತಾ? ನಾನೇನು ಅವರ ಪರ ಕೂಗೋಕೆ ಹೋಗ್ತೀನಾ?"

ಇವರು ಅರ್ಧ ತಟ್ಟೆ ಹಾಗೇ ಬಿಟ್ಟು ಕೈತೊಳೆದರು.

ಹಿಂಬಾಗಿಲಿನ ಮಾತು ನಮ್ಮಿಬ್ಬರ ನಡುವೆ ಐದು ತಿಂಗಳಿಂದ ಬಂದಿಲ್ಲ. ಕೆಲಸ ಶುರುವಾದ ಮೇಲೆ ಇವರು ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಮ್ಯಾನೇಜರಿಗೆ ಕೊಟ್ಟುಬರುತ್ತಿದ್ದರು. ಬಟ್ಟೆ ಹೊರಗೆ ಹೋಗದಿರಲಿ ಅಂತ ಮ್ಯಾನೇಜರ ಅಪ್ಪಣೆ. ಬಾಯಿಮಾತಿನ ಅಪ್ಪಣೆ, ಕಾಗದದಲ್ಲಿ ಇಲ್ಲ. ಒಳಗಿದ್ದ ನಮಗೆ ಬಾಗಿಲು ತೆರೆಯುವುದಿಲ್ಲ ಅಂತ ಗೊತ್ತಿತ್ತು, ಆದರೆ ಯಾರು ತಲೆ ಕೆಡಿಸಿಕೊಂಡರು? ಬಾಗಿಲು ಬೇಕಾಗುವ ದಿನ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ನಾನು ಒತ್ತುವವಳು. ಮಿಕ್ಕಿದ್ದು ನನಗೆ ಸಂಬಂಧವಿಲ್ಲ.

ಮಾರ್ಚ್ 8, ಶನಿವಾರ

ಹತ್ತು ಮುಗಿಯಿತು. ಕಾಲರಕ್ಕನ ಫೋನಿನಲ್ಲಿದ್ದ ಕಡ್ಡಿಯ ಫೋಟೋವನ್ನು ಬೀದಿಕೊನೆಯ ಪ್ರಿಂಟಿನವನ ಹತ್ತಿರ ಎದೆಯಗಲ ದೊಡ್ಡದು ಮಾಡಿಸಿದೆ. ಊಟದ ಬಿಡುವಿನಲ್ಲಿ ಯಾವುದೋ ಗೋಡೆಗೆ ಒರಗಿ ನಿಂತು ಹಲ್ಲು ಕಿರಿದಿದ್ದಾಳೆ. ಹೊಸ ನೀಲಿ ಏಪ್ರನ್, ಕೊಟ್ಟ ದಿನವೇ ತೆಗೆಸಿಕೊಂಡ ಫೋಟೋ. ಆ ಏಪ್ರನ್ ಕೊಟ್ಟು ಒಂಬತ್ತೇ ದಿನಕ್ಕೆ ಬೆಂಕಿ ಬಿದ್ದಿದ್ದು.

ಪೇಪರಿನಲ್ಲಿ ಬೇಡದ್ದನ್ನು ಕತ್ತರಿಸಿ ತೆಗೆಯದಿದ್ದರೆ ಅದೂ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಅದಕ್ಕೇ ಕೂದಲಿನ ಅಂಚು, ಕಿವಿಯ ತಿರುವು, ಹೆಗಲು, ಅಷ್ಟನ್ನೇ ಹಿಡಿದು ಕತ್ತರಿ ಆಡಿಸಬೇಕು. ಕತ್ತರಿ ಹಿಡಿದವಳಿಗೆ ಆ ಗೆರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಒಳ್ಳೆಯದೇ. ಕಣ್ಣಿಗೆ ಕಣ್ಣು ಕೊಟ್ಟರೆ ಕತ್ತರಿ ಗೆರೆ ಬಿಟ್ಟು ಓಡುತ್ತದೆ.

ಹತ್ತನ್ನೂ ಹಗ್ಗದ ಮೇಲೆ ಸಾಲಾಗಿ ಹಾಕಿದೆ. ಕೆಲಸ ಮಾತ್ರ ಅಚ್ಚುಕಟ್ಟು, ನನ್ನ ಕೈಗೆ ನಾನೇ ಶಭಾಷ್ ಅಂದುಕೊಂಡೆ. ಇವರು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಹೊರಗೇ ಕಟ್ಟೆಯ ಮೇಲೆ ಕೂತು ಟೀ ಕುಡಿದರು.

ಮಾರ್ಚ್ 9, ಭಾನುವಾರ

ಕಡ್ಡಿಯ ಅಮ್ಮ ನೋಡಲು ಬಂದರು. ಮೂರು ಬೀದಿ ಆಚೆ ಮನೆ. ಒಂದು ಟಿ-ಶರ್ಟನ್ನು ಮಡಿಲಲ್ಲಿ ಹರಡಿಕೊಂಡು ಕೆನ್ನೆಯ ಮೇಲೆ ಬೆರಳಾಡಿಸಿದರು. ತುಂಬ ಹೊತ್ತು. ಅಳುತ್ತಾರೇನೋ ಅಂತ ನಾನು ನೀರು ತರಲು ಎದ್ದೆ.

"ಇದು ನನ್ನ ಮಗಳಲ್ಲ," ಅಂದರು.

ನನಗೆ ಒಳಗೊಳಗೇ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿ. ಕಡ್ಡಿಗೆ ಮಚ್ಚೆ ಇದ್ದದ್ದು ಎಡಗೆನ್ನೆಯಲ್ಲಿ. ನಾನು ಬಲಕ್ಕೆ ಒತ್ತಿಬಿಟ್ಟಿದ್ದೆ. ಬೋರಲು ಒತ್ತುವ ಚಿತ್ರವನ್ನು ತಿರುವುಮುರುವಾಗಿ ಮುದ್ರಿಸಬೇಕು ಅಂತ ಪ್ರಿಂಟಿನವನಿಗೆ ಹೇಳಲು ಮರೆತಿದ್ದೆ. ಅಕ್ಷರ ಇದ್ದಿದ್ದರೆ ಕೂಡಲೇ ಸಿಕ್ಕಿಬೀಳುತ್ತಿತ್ತು. ಮುಖ ನೋಡಿ ಯಾರಿಗೂ ತಿಳಿಯಲಿಲ್ಲ, ಪಕ್ಕದ ಟೇಬಲಿನಲ್ಲಿ ಮೂರು ವರ್ಷ ನಿಂತಿದ್ದ ನನಗೂ.

"ಎಲ್ಲಾ ತೆಗೆದುಹಾಕಿ ಬೇರೆ ಮಾಡ್ತೀನಮ್ಮ," ಅಂದೆ.

"ಅವಳನ್ನ ಸರಿಯಾಗಿ ಮಾಡು ತಾಯಿ. ನಂಗೆ ಇನ್ನೇನೂ ಬೇಡ." ಆಮೇಲೆ ನೆಲ ನೋಡುತ್ತಾ ಅಂದರು, "ಬಾಗಿಲು ತೆರೆದಿತ್ತು, ಇವಳೇ ಹೋಗ್ಲಿಲ್ಲ ಅಂತ ಬರೆದಿದ್ದಾರಂತೆ. ತೆರೆದ ಬಾಗಿಲ ಮುಂದೆ ಕೂತು ಸಾಯೋಷ್ಟು ದಡ್ಡಿಯಾ ನನ್ನ ಮಗಳು?"

ಇವರು ಆಗ ಒಳಗೇ ಇದ್ದರು, ಭಾನುವಾರ ರಜ. ಅಮ್ಮನಿಗೆ ಟೀ ತಂದುಕೊಟ್ಟು ಹಿಂದೆ ಸರಿದು ನಿಂತರು. "ದೇವರು ಚೆನ್ನಾಗಿಟ್ಟಿರ್ಲಿ ಕಣಪ್ಪ," ಅಂದರು ಅಮ್ಮ. ಲೋಟ ಕೊಟ್ಟ ಕೈಯನ್ನು ಇವರು ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡರು.

ಮಾರ್ಚ್ 10, ಸೋಮವಾರ

ಹೊಸ ಹಾಳೆಗಳು ಬಂದವು, ಈ ಸಲ ತಿರುವಿ ಮುದ್ರಿಸಿದ್ದು. ಮತ್ತೆ ಬಟ್ಟೆ ಹಾಳು ಮಾಡಿಕೊಳ್ಳುವುದು ಬೇಡವೆಂದು ಇವರ ಹಳೇ ಬನಿಯನ್ನಿನ ಮೇಲೆ ಒಂದು ಒತ್ತಿ ನೋಡಿದೆ. ಮಚ್ಚೆ ಎಡಕ್ಕೆ ಬಂದರೆ ಸಾಕಿತ್ತು. ಪರೀಕ್ಷೆಗೆ ತಾನೇ ಅಂತ ಕತ್ತರಿಸುವ ಗೋಜಿಗೂ ಹೋಗಲಿಲ್ಲ, ಇಡೀ ಹಾಳೆಯನ್ನೇ ಒತ್ತಿದೆ.

ಸುಲಿದಾಗ ಕಡ್ಡಿ ಬಂದಳು, ಎಡಗೆನ್ನೆಯ ಮಚ್ಚೆ ಸಮೇತ. ಅವಳ ಹಿಂದೆ ಬಾಗಿಲೂ ಬಂತು.

ಗೋಡೆ ಅಂದುಕೊಂಡಿದ್ದೆ. ಅವಳು ಒರಗಿದ್ದದ್ದು ಗೋಡೆಗಲ್ಲ, ಹೊರಗಡೆಯಿಂದ ನಮ್ಮ ವಿಭಾಗದ ಹಿಂಬಾಗಿಲಿಗೆ. ಬೂದಿ ಬಣ್ಣದ ತಗಡು, ಕೆಳಗೆ ತುಕ್ಕು. ಅವಳ ಹೆಗಲಿನ ಪಕ್ಕದಲ್ಲಿ ಚಿಲಕ. ಚಿಲಕದಲ್ಲಿ ನನ್ನ ಮುಷ್ಟಿಯಷ್ಟು ದಪ್ಪದ ಬೀಗ. ಫೋನಿನಲ್ಲಿ ಅದು ಕಪ್ಪು ಚುಕ್ಕೆಯಷ್ಟೇ ಇತ್ತು.

ಕಸದ ಬುಟ್ಟಿ ಬಗ್ಗಿಸಿ ಮೊನ್ನೆಯ ಚೂರುಗಳನ್ನೆಲ್ಲ ಹೆಕ್ಕಿದೆ. ಹತ್ತು ಮುಖ ಉಳಿಸಿ ಹತ್ತು ಬೀಗ ಕತ್ತರಿಸಿ ಎಸೆದಿದ್ದೇನೆ. ಬನಿಯನ್ನನ್ನು ಇಸ್ತ್ರಿ ಕಂಬಳಿಯ ಕೆಳಗೆ, ಈ ಪುಸ್ತಕದ ಜೊತೆ ಇಟ್ಟಿದ್ದೇನೆ.

ಮಾರ್ಚ್ 11, ಮಂಗಳವಾರ

ಏನೂ ಒತ್ತಲಿಲ್ಲ. ತಲೆನೋವು.

ಮಾರ್ಚ್ 13, ಗುರುವಾರ

ಮತ್ತೆ ಹತ್ತು ಮಾಡಿದೆ, ಕತ್ತರಿಸಿಯೇ. ಕಡ್ಡಿಯ ಅಮ್ಮ ಬೆಳಗ್ಗೆಯಿಂದ ನನ್ನ ಪಕ್ಕದಲ್ಲೇ ಕೂತಿದ್ದರು. ಪೇಪರ್ ಸುಲಿಯುವ ಕೆಲಸ ತಮಗೆ ಕೊಡು ಅಂದರು, ಕೊಟ್ಟೆ. ಹಣೆಯ ಕಡೆಯಿಂದ ಶುರು ಮಾಡಿ ಮೆಲ್ಲಗೆ ಗಲ್ಲದವರೆಗೆ ಎಳೆಯುತ್ತಾರೆ, ಮಲಗಿದವಳ ಮುಖದ ಮೇಲಿಂದ ಹೊದಿಕೆ ಸರಿಸುವ ಹಾಗೆ. ಪ್ರತಿ ಸಲವೂ ಮಚ್ಚೆ ಇದೆಯಾ ಅಂತ ನೋಡುತ್ತಾರೆ.

ಅವರು ಅತ್ತ ತಿರುಗಿದಾಗ ಚೂರುಗಳನ್ನು ಮುದ್ದೆ ಮಾಡಿ ಒಲೆಗೆ ಹಾಕುತ್ತಿದ್ದೆ. ಕಳ್ಳಿಯ ಕೆಲಸ. ಬೇರೆ ಏನು ಮಾಡಲಿ? ಬೀಗ ಇತ್ತು ಅಂತಾದರೆ ಹಾಕಿದವರು ಯಾರು ಅಂತ ಕೇಳುತ್ತಾರೆ. ಮ್ಯಾನೇಜರು ಕೈ ತೊಳೆದುಕೊಳ್ಳುತ್ತಾನೆ. ಜೈಲಿಗೆ ಹೋಗುವವರು ಇವರು.

"ಕೊನೇಲಿ ನೀನು ನೋಡಿದ್ಯಾ ಅವಳನ್ನ?" ಅಂತ ಕೇಳಿದರು ಅಮ್ಮ.

"ಈ ಕಡೆ ಬಾರೇ ಅಂತ ಕೂಗಿದೆ ಅಮ್ಮ. ಅಕ್ಕಾ, ಇದೇ ಹತ್ರ ಅಂತ ಕೂಗ್ಕೊಂಡು ಆ ಕಡೆ ಓಡಿದ್ಲು."

ಇದನ್ನು ನಾನು ಇಲ್ಲಿಯತನಕ ಯಾರಿಗೂ ಹೇಳಿರಲಿಲ್ಲ. ಯಾಕೆ ಬಾಯಿಬಿಟ್ಟೆನೋ ಗೊತ್ತಿಲ್ಲ. ಅಮ್ಮ ಸುಲಿಯುವುದನ್ನು ನಿಲ್ಲಿಸಿ, "ಅಕ್ಕಾ ಅಂದ್ಲಾ," ಅಂದರು. ಬಿಸಿ ಇಸ್ತ್ರಿಪೆಟ್ಟಿಗೆ ಮೊಣಕೈಗೆ ತಾಗಿ ಸುಟ್ಟಿತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಸುಟ್ಟುಕೊಂಡವಳಲ್ಲ ನಾನು.

ಮಾರ್ಚ್ 15, ಶನಿವಾರ

ಕಾಲರಕ್ಕ ಕಂಪನಿಯ ಹೊಸ ಪತ್ರದ ನಕಲು ತಂದಿದ್ದಳು. ಓದಿದಳು. "ಸದರಿ ಬಾಗಿಲಿಗೆ ಬೀಗವಾಗಲಿ, ಬೀಗ ಹಾಕುವ ವ್ಯವಸ್ಥೆಯಾಗಲಿ ಎಂದೂ ಇರಲಿಲ್ಲ." ಓದಿ ಪತ್ರವನ್ನು ಮಡಿಸಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ಇವರು ಅಂಗಿ ಇಸ್ತ್ರಿ ಮಾಡಿಕೊಳ್ಳಲು ಹೋಗಿ ಕಂಬಳಿ ಎತ್ತಿದರು. ನಾನು ಒಲೆಯ ಮುಂದಿದ್ದೆ. ತಿರುಗಿ ನೋಡಿದರೆ ಬನಿಯನ್ ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ಇದನ್ನ ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ."

"ಕಾಲರಕ್ಕನ ಫೋನಲ್ಲಿ ಇರುತ್ತಲ್ಲ."

"ಫೋನಲ್ಲಿ ಚುಕ್ಕೆ ಥರ ಕಾಣುತ್ತೆ. ದೊಡ್ಡದು ಮಾಡಿದೋಳು ನಾನೊಬ್ಬಳೇ."

ಕೂತರು. "ಸುಟ್ಟುಹಾಕಿಬಿಡು," ಅಂದರು ಕೊನೆಗೆ.

"ನೀವೇ ಸುಡಿ," ಅಂದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರಿಗೆ ಹೀಗೆ ಎದುರು ಮಾತಾಡಿದ ನೆನಪಿಲ್ಲ. ಇವರು ಒಲೆಯವರೆಗೆ ಹೋದರು. ಆಮೇಲೆ ಬನಿಯನ್ನನ್ನು ನಾಲ್ಕು ಮಡಿಕೆ ಮಾಡಿ ಎಲ್ಲಿತ್ತೋ ಅಲ್ಲೇ ಇಟ್ಟು ಹೊರಗೆ ಹೋದರು.

ಮಾರ್ಚ್ 17, ಸೋಮವಾರ

ಕತ್ತರಿ ಮೊಂಡಾಗಿದೆ. ಸಾಣೆ ಹಿಡಿಸಲು ಪುರುಸೊತ್ತಿಲ್ಲ, ಮೊಣಕೈಯ ಗುಳ್ಳೆ ಬೇರೆ ಒಡೆದು ಉರಿಯುತ್ತಿದೆ. ಉಳಿದ ಮೂವತ್ತು ಹಾಳೆಗಳನ್ನು ಕತ್ತರಿಸಲಿಲ್ಲ, ಇದ್ದ ಹಾಗೇ ಒತ್ತಿದೆ. ಚೌಕವಾಗಿ ಅಂಚು ಕಾಣುತ್ತದೆ, ಅಚ್ಚುಕಟ್ಟಾಗಿಲ್ಲ. ಯಾರಾದರೂ ಮೂಗು ಮುರಿದರೆ ಮುರಿಯಲಿ.

ಅಮ್ಮ ಸುಲಿಯುತ್ತಾ, "ಇದೇನು ತಾಯಿ ಹಿಂದೆ?" ಅಂದರು.

"ಬಾಗಿಲು," ಅಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿದೆ, ಮಚ್ಚೆಯನ್ನೂ ಬಟ್ಟೆಗೆ ಮುಖ ತಾಗಿಸಿ ಹುಡುಕುವವರು. ಬೀಗ ಕಂಡಿತೋ ಇಲ್ಲವೋ ಗೊತ್ತಿಲ್ಲ. ಮುಂದಿನದನ್ನು ಕೈಗೆತ್ತಿಕೊಂಡರು.

ಮೂವತ್ತನ್ನೂ ಒಂದೇ ದಿನ ಒತ್ತಿದ್ದೇನೆ. ಭುಜ ಎತ್ತಲಾಗುತ್ತಿಲ್ಲ.

ಮಾರ್ಚ್ 19, ಬುಧವಾರ

ಮಡಿಸಿ ಜೋಡಿಸಿದ್ದ ರಾಶಿಯ ಮುಂದೆ ಇವರು ಕೂತಿದ್ದರು. ಒಂದೊಂದನ್ನೇ ಬಿಡಿಸಿ ನೋಡಿ ಮತ್ತೆ ಮಡಿಸಿಡುತ್ತಿದ್ದರು. ಇವರಿಗೆ ಮಡಿಸಲು ಬರುವುದಿಲ್ಲ, ತೋಳೆಲ್ಲ ಸೊಟ್ಟ. ನಾನು ಸುಮ್ಮನೆ ಪಕ್ಕದಲ್ಲಿ ಕೂತು ಅದನ್ನೇ ಮತ್ತೆ ಸರಿ ಮಾಡಿದೆ.

"ನಾಳೆ ನನ್ನನ್ನೂ ಕರೆದಿದ್ದಾರೆ," ಅಂದರು. "ಮ್ಯಾನೇಜರು ಕಾರಲ್ಲಿ ಕರ್ಕೊಂಡು ಹೋಗ್ತಾರಂತೆ. ಹಳೇ ಹೇಳಿಕೇನೇ ಹೇಳಿದ್ರೆ ಸಾಕಂತೆ."

"ನೀವು ಏನು ಹೇಳ್ತೀರಿ?"

"ನೀನು ಬರ್ತೀಯಾ?"

"ಟಿ-ಶರ್ಟು ಕೊಡೋಕೆ ಹೋಗ್ಬೇಕಲ್ಲ," ಅಂದೆ. "ಕೊಟ್ಟು ಬರ್ತೀನಿ."

ಈ ಮನುಷ್ಯನ ಮೇಲೆ ನನಗೆ ಸಿಟ್ಟಿದೆ. ಇವರಿಗೆ ಏನಾದರೂ ಆದರೆ ಅನ್ನುವ ಭಯವೂ ಅಷ್ಟೇ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಊಟ ಸೇರುತ್ತಿಲ್ಲ.

ಮಾರ್ಚ್ 20, ಗುರುವಾರ

ಇವರಿನ್ನೂ ಮನೆಗೆ ಬಂದಿಲ್ಲ. ಹೊಸ ಹೇಳಿಕೆ ಬರೆಸಿಕೊಳ್ಳಲು ಅಲ್ಲೇ ಉಳಿಸಿಕೊಂಡಿದ್ದಾರೆ. ಆಮೇಲೆ ಏನು ಅಂತ ಯಾರೂ ಹೇಳಲಿಲ್ಲ. ಬರುವವರೆಗೆ ನಡೆದದ್ದನ್ನು ಬರೆದಿಡುತ್ತೇನೆ, ಸುಮ್ಮನೆ ಕೂರಲು ಆಗುತ್ತಿಲ್ಲ.

ಕೊಟ್ಟು ಬರಬೇಕು ಅಂತಲೇ ಹೋದೆ. ಎಲ್ಲರೂ ಹಾಕಿಕೊಂಡ ಮೇಲೆ ಒಂದು ಉಳಿಯಿತು, ಒಬ್ಬಳಿಗೆ ಜ್ವರವಂತೆ. ಕಾಲರಕ್ಕ ಅದನ್ನು ನನ್ನ ಕೈಗೆ ತುರುಕಿದಳು. ನಲವತ್ತು ಅಂತ ಹೇಳಿದ್ದೇವೆ, ಮೂವತ್ತೊಂಬತ್ತು ಕೂತರೆ ಚೆನ್ನಾಗಿರುವುದಿಲ್ಲ ಅಂದಳು. ಬಟ್ಟೆಯ ಮೇಲೆ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತೆ.

ಸಣ್ಣ ಕೋಣೆ, ಒಂದು ಫ್ಯಾನು. ವಿಚಾರಣೆ ನಡೆಸುವ ಅಧಿಕಾರಿ ವಯಸ್ಸಾದವರು. ಕಂಪನಿಯ ವಕೀಲ ಎದ್ದು, ಬೀಗ ಎಂದೂ ಇರಲಿಲ್ಲ ಅಂತ ಶುರು ಮಾಡಿದ. ಅಧಿಕಾರಿ ಅವನ ಮಾತು ಕೇಳುತ್ತಾ ನಮ್ಮನ್ನು ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನ ಸಾಲಿನವಳನ್ನು ಹತ್ತಿರ ಕರೆದು ಅವಳ ಎದೆಯ ಮೇಲಿನ ಚಿತ್ರವನ್ನು ಬಗ್ಗಿ ನೋಡಿದರು.

"ಈ ಹುಡುಗಿಯ ಹೆಗಲ ಹಿಂದೆ ಇರೋದೇನು?"

ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಎದೆ ನೋಡಿಕೊಂಡರು.

"ಇದನ್ನ ಮಾಡಿದೋರು ಯಾರು?"

ಯಾರೂ ನನ್ನನ್ನು ತೋರಿಸಲಿಲ್ಲ, ಕಾಲರಕ್ಕ ಕೂಡ. ನಾನೇ ಎದ್ದೆ. "ನಾನು ಸ್ವಾಮಿ. ಅದು ನಮ್ಮ ಹಿಂಬಾಗಿಲು. ಅದು ಬೀಗ. ಹೊಸ ಏಪ್ರನ್ ಕೊಟ್ಟ ದಿನದ ಫೋಟೋ, ಬೆಂಕಿಗೆ ಒಂಬತ್ತು ದಿನ ಮುಂಚೆ. ದಿನಾ ಬೀಗ ಹಾಕ್ತಿದ್ರು."

"ಯಾರು ಹಾಕ್ತಿದ್ರು?"

ಇವರು ಬಾಗಿಲ ಪಕ್ಕದಲ್ಲಿ, ಮ್ಯಾನೇಜರ ಕುರ್ಚಿಯ ಹಿಂದೆ, ಯೂನಿಫಾರ್ಮಿನಲ್ಲಿ ನಿಂತಿದ್ದರು. ನಾನು ಅತ್ತ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ವಾಚ್‌ಮನ್ ಹಾಕ್ತಿದ್ರು. ನಮ್ಮ ಯಜಮಾನರು. ಹಾಕಿಸ್ತಿದ್ದೋರು ಮ್ಯಾನೇಜರು."

ಇವರನ್ನು ಮುಂದೆ ಕರೆದರು. ಮ್ಯಾನೇಜರು ಇವರ ತೋಳು ಹಿಡಿದು ಏನೋ ಪಿಸುಗುಟ್ಟಿದ. ಇವರು ತೋಳು ಬಿಡಿಸಿಕೊಂಡು ಬಂದು ನಿಂತರು. ನಲವತ್ತು ಕಡ್ಡಿಯರ ಎದುರಿಗೆ.

"ಹೌದು, ಹಾಕಿದ್ದು ನಾನೇ," ಅಂದರು. "ಬೀಗದ ಕೈ ಆಫೀಸಲ್ಲಿತ್ತು. ತರೋಕೆ ಓಡಿದೆ. ಮೇಜಿನ ಡ್ರಾಯರ್ ಒಡೆದು ತಂದೆ. ಅಷ್ಟೊತ್ತಿಗೆ ಸದ್ದು ನಿಂತಿತ್ತು."

"ಏನು ಸದ್ದು?"

"ಬಾಗಿಲು ಬಡೀತಿದ್ಲು. ನಾನು ಈ ಕಡೆ ಇದ್ದೆ."

ಇದು ನನಗೆ ಗೊತ್ತಿರಲಿಲ್ಲ. ಐದು ತಿಂಗಳು ಒಂದೇ ಚಾಪೆಯ ಮೇಲೆ ಮಲಗಿದ್ದೇವೆ, ಇದನ್ನು ನನಗೆ ಹೇಳಿರಲಿಲ್ಲ. ನಾನು ಬೆಂಚಿನ ಅಂಚು ಹಿಡಿದು ಕೂತುಬಿಟ್ಟೆ.

ಕಡ್ಡಿಯ ಅಮ್ಮ ಮುಂದಿನ ಸಾಲಿಂದ ಎದ್ದರು. ಯಾರೂ ತಡೆಯಲಿಲ್ಲ. ಇವರ ಎದುರಿಗೆ ಹೋಗಿ ನಿಂತರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದರೆ ಹೊಡೆಯಲಿ ಅಂತಲೂ ಅನ್ನಿಸಿತು.

"ಬಡಿದ್ಲಾ?" ಅಂದರು.

"ತುಂಬಾ ಹೊತ್ತು ಬಡಿದ್ಲಮ್ಮ. ಅಣ್ಣಾ, ಬೀಗ ತೆಗಿ ಅಂತ ಕೂಗಿದ್ಲು. ನಾನು ಅಲ್ಲೇ ಇರ್ತೀನಿ ಅಂತ ಅವಳಿಗೆ ಗೊತ್ತಿತ್ತು."

ಇವರು ನಿಂತಲ್ಲೇ ಕುಸಿದು ನೆಲಕ್ಕೆ ಕೂತರು. ಅಮ್ಮ ಇವರನ್ನು ಬೈಯಲೂ ಇಲ್ಲ, ಎಬ್ಬಿಸಲೂ ಇಲ್ಲ. ಅಧಿಕಾರಿಯ ಮೇಜಿನ ಕಡೆ ತಿರುಗಿದರು.

"ಬರ್ಕೊಳ್ಳಿ ಸ್ವಾಮಿ," ಅಂದರು. "ನನ್ನ ಮಗಳು ದಿಕ್ಕು ತಪ್ಪಿರ್ಲಿಲ್ಲ."

ಅಧಿಕಾರಿ ಬರೆದುಕೊಂಡರು.